ಪುಕ್ಕಲಕ್ಕ ಬರೆದಿಟ್ಟ ಸಾಲು

ನಮ್ಮ ಆಫೀಸಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಅಕ್ಕ, ಬೆನ್ನ ಹಿಂದೆ ಪುಕ್ಕಲಕ್ಕ. ಆ ಹೆಸರಿಟ್ಟವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಯಾಕೆಂದರೆ ಮುಂದೆ ಒಪ್ಪಿಕೊಳ್ಳಬೇಕಾದದ್ದು ಇದಕ್ಕಿಂತ ದೊಡ್ಡದಿದೆ.

ವಯಸ್ಸು ಐವತ್ತೆರಡು. ಕಿಟಕಿ ಪಕ್ಕದ ಮೇಜು ಸಿಕ್ಕಿದ್ದರೂ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಮೂರನೇ ಮಹಡಿಯಿಂದ ಕೆಳಗೆ ಕಣ್ಣು ಹೋದರೆ ತಲೆ ಸುತ್ತುತ್ತಿತ್ತಂತೆ. ಲಿಫ್ಟ್ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಮನೆಗೆ ಬೀಗ ಹಾಕಿ ಬೀದಿಯ ಕೊನೆಯವರೆಗೆ ಬಂದು, ಹಾಕಿದೆನೋ ಇಲ್ಲವೋ ಎಂದು ವಾಪಸ್ ಹೋಗಿ, ಬೀಗವನ್ನು ಎರಡು ಸಲ ಜಗ್ಗಿ ನೋಡಿ ಬರುತ್ತಿದ್ದರು. ಜೊತೆಗಿದ್ದದ್ದು ತಾಯಿ ಒಬ್ಬರೇ. ಹಗಲು ಹೊತ್ತು ಆ ತಾಯಿ ಪಕ್ಕದ ಬೀದಿಯಲ್ಲಿದ್ದ ಎರಡನೇ ಮಗಳ ಮನೆಯಲ್ಲಿರುತ್ತಿದ್ದರು. ಹತ್ತು ಗಂಟೆಗೆ ಸರಿಯಾಗಿ ಅಲ್ಲಿಂದ ಫೋನು ಬರುತ್ತಿತ್ತು. "ಬೀಗ ನೋಡಿದ್ಯೇನೇ?" ನಮಗೆಲ್ಲ ಕೇಳಿಸುವಷ್ಟು ಜೋರು ದನಿ. "ನೋಡ್ದೆ ಅಮ್ಮ, ಎರಡು ಸಲ." "ಸರಿ ಹಾಗಾದ್ರೆ." ಇಷ್ಟೇ ಮಾತು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎಂದು ನಾನು ನಗುತ್ತಿದ್ದೆ.

ನಮ್ಮ ಕೆಲಸ ಏನೆಂದರೆ, ಆಸ್ಪತ್ರೆಯಲ್ಲಿ ರೋಗಿಯ ನರಕ್ಕೆ ಔಷಧವನ್ನು ಹನಿಹನಿಯಾಗಿ ಬಿಡುವ ಪಂಪು ಇದೆಯಲ್ಲ, ಅದರೊಳಗಿನ ಪ್ರೋಗ್ರಾಂ ಬರೆಯುವುದು. ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿಕೊಡಲು ಇನ್ನೊಂದು ಪ್ರೋಗ್ರಾಂ ಇರುತ್ತದೆ, ಕಂಪೈಲರ್ ಎನ್ನುತ್ತಾರೆ. ತಪ್ಪು ಕಂಡರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ. ತಪ್ಪಿರಬಹುದು ಎಂಬ ಅನುಮಾನ ಬಂದರೆ ಕೆಲಸ ಮಾಡಿಕೊಟ್ಟು, ಜೊತೆಗೆ ಒಂದು ಎಚ್ಚರಿಕೆ ಗೊಣಗುತ್ತದೆ. ಅನುಮಾನ ಪಡುವುದರಲ್ಲಿ ಅದರ ಕೈ ದೊಡ್ಡದು. ಹತ್ತರಲ್ಲಿ ಒಂಬತ್ತು ಎಚ್ಚರಿಕೆ ಸುಳ್ಳು. ನಮಗೆ ಗೊತ್ತಿರುವ ಎಷ್ಟೋ ಸಂಗತಿ ಅದಕ್ಕೆ ಗೊತ್ತಿರುವುದಿಲ್ಲ, ಪಾಪ.

ಆದರೆ ಮೇಲಿನವರ ಆಜ್ಞೆ: ಪಂಪು ಹೊರಗೆ ಹೋಗುವಾಗ ಎಚ್ಚರಿಕೆಗಳ ಲೆಕ್ಕ ಸೊನ್ನೆ ಇರಬೇಕು. ಹಾಗಾಗಿ ಸುಳ್ಳು ಎಂದು ತೀರ್ಮಾನವಾದ ಪ್ರತಿ ಎಚ್ಚರಿಕೆಗೂ ಅದೇ ಜಾಗದಲ್ಲಿ ಒಂದು ಸಾಲು ಸೇರಿಸಿ ಕಂಪೈಲರನ್ನು ಸುಮ್ಮನಿರಿಸುತ್ತಿದ್ದೆವು. ಬಾಯಿ ಮುಚ್ಚಿಸುವ ಸಾಲು ಎಂದು ನಮ್ಮಲ್ಲಿ ಅದಕ್ಕೆ ಹೆಸರು. ಬರೆದವನೇ ತನ್ನದಕ್ಕೆ ತಾನು ಅದನ್ನು ಹಾಕಿಕೊಳ್ಳುವ ಹಾಗಿಲ್ಲ. ಇನ್ನೊಬ್ಬರು ಓದಿ, ಯಾಕೆ ಸುಳ್ಳು ಎಂದು ಕಾರಣ ಬರೆದು, ತಮ್ಮ ಗುರುತು ಹಾಕಬೇಕು. ಅಕ್ಕನ ಗುರುತು ಏನು ಗೊತ್ತೇ? 'ಪು'. ನಾವು ಬೆನ್ನ ಹಿಂದೆ ಕರೆಯುವುದು ಅವರ ಕಿವಿಗೆ ಬಿದ್ದು, "ಇರ್ಲಿ ಬಿಡ್ರೋ, ಚಿಕ್ಕದಾಗಿದೆ, ಬರೆಯೋಕೆ ಸುಲಭ" ಎಂದು ಅದನ್ನೇ ಇಟ್ಟುಕೊಂಡಿದ್ದರು.

ಉಳಿದವರು 'ಸುಳ್ಳು, ಪರವಾಗಿಲ್ಲ' ಎಂದು ಎರಡು ಪದ ಗೀಚಿ ಕೈತೊಳೆದುಕೊಂಡರೆ, ಅಕ್ಕ ಅರ್ಧ ಪುಟ ಬರೆಯುತ್ತಿದ್ದರು. ಅವರ ಟಿಪ್ಪಣಿಗಳೇ ಪ್ರೋಗ್ರಾಮಿಗಿಂತ ಉದ್ದ. ಕಣ್ಣಿಗೆ ಕಿರಿಕಿರಿಯಾಗಿ ನಾನು ಆ ಸಾಲುಗಳೂ ಟಿಪ್ಪಣಿಗಳೂ ನನ್ನ ಪರದೆಯ ಮೇಲೆ ಕಾಣದ ಹಾಗೆ ಮಡಚಿಟ್ಟುಬಿಟ್ಟಿದ್ದೆ. ಅದಕ್ಕೆ ಒಂದು ಬಟನ್ ಇರುತ್ತದೆ. ಒಮ್ಮೆ ಒತ್ತಿದರೆ ಸಾಕು, ಜನ್ಮಕ್ಕೆ ಕಾಣುವುದಿಲ್ಲ.

ನಾಲ್ಕು ವರ್ಷದ ಹಿಂದಿನ ಒಂದು ಸಂಜೆ ನನಗೆ ಚೆನ್ನಾಗಿ ನೆನಪಿದೆ. ಪಂಪಿನಲ್ಲಿ ಆಗ ಔಷಧ ಬಿಡುವ ಬಗೆ ಎರಡೇ ಇದ್ದವು. ಅದರಲ್ಲಿ ನಾನು ಬರೆದ ಒಂದು ಅಂಕಿಯ ಬಗ್ಗೆ ಕಂಪೈಲರ್ ಗೊಣಗಿತ್ತು: ಇದಕ್ಕೆ ಬೆಲೆ ಕೊಡದೆಯೇ ಬಳಸಿರಬಹುದು. ಅಂದರೆ, ಡಬ್ಬಿಗೆ ಏನೂ ಹಾಕದೆ ಡಬ್ಬಿಯಿಂದ ತೆಗೆದುಕೊಳ್ಳಲು ಹೊರಟ ಹಾಗೆ. ಕಂಪ್ಯೂಟರಿನಲ್ಲಿ ನಾವು ಏನೂ ಹಾಕದ ಡಬ್ಬಿ ಖಾಲಿ ಇರುವುದಿಲ್ಲ, ಹಿಂದೆ ಬಳಸಿದವರು ಬಿಟ್ಟುಹೋದದ್ದು ಅದರಲ್ಲೇ ಇರುತ್ತದೆ. ಅದು ಸೊನ್ನೆಯೂ ಆಗಿರಬಹುದು, ಸಾವಿರವೂ ಆಗಿರಬಹುದು.

"ಅಕ್ಕ, ಇದೊಂದಕ್ಕೆ ಗುರುತು ಹಾಕಿ, ಮನೆಗೆ ಹೋಗೋಣ."

"ಬೆಲೆ ಕೊಡದೆ ಹೋಗೋ ದಾರಿ ಇದೆ ಅಂತಿದೆಯಲ್ಲೋ ಅದು."

"ಎಲ್ಲಿದೆ ದಾರಿ? ಇರೋದು ಎರಡೇ ಬಗೆ. ಎರಡರಲ್ಲೂ ಬೆಲೆ ಕೊಟ್ಟಿದೀನಿ. ನೋಡಿ ಬೇಕಾದ್ರೆ."

ನೋಡಿದರು. ಮತ್ತೆ ನೋಡಿದರು. ಮುಕ್ಕಾಲು ಗಂಟೆ ನೋಡಿದರು. "ಹೌದು, ಸುಳ್ಳೇ" ಎಂದರು, ಆದರೂ ಕೈ ಮುಂದೆ ಬರಲಿಲ್ಲ. ನನಗೆ ರೇಗಿತು. "ಹಗ್ಗ ನೋಡಿ ಹಾವು ಅನ್ನೋದು ಅದರ ಕೆಲಸ, ನೀವೂ ಅದರ ಜೊತೆ ಕೂಗ್ತೀರಲ್ಲ ಅಕ್ಕ" ಎಂದೆ. ಸುತ್ತಲಿದ್ದವರು ನಕ್ಕರು. ಅಕ್ಕನೂ ನಕ್ಕರು. ಆಮೇಲೆ ಏನೋ ಬರೆದು 'ಪು' ಎಂದು ಗುರುತು ಹಾಕಿದರು. ಏನು ಬರೆದರೆಂದು ನಾನು ಓದಲಿಲ್ಲ.

ಇನ್ನು ಈಗಿನ ಕಥೆ. ಈ ವರ್ಷ ಅಕ್ಕನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೂರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅಕ್ಕ ಆಫೀಸಿಗೆ ಬಂದದ್ದು ಕಂಡು ನನಗೆ ಆಶ್ಚರ್ಯ. ಮುಖ ಬಿಳಿಚಿಕೊಂಡಿತ್ತು. ಚೀಲವನ್ನು ಕುರ್ಚಿಗೆ ನೇತುಹಾಕುವುದನ್ನೂ ಮರೆತು ನೆಲದ ಮೇಲೆ ಬಿಟ್ಟರು.

"ಹೇಗಿದಾರೆ ಅಕ್ಕ ಅಮ್ಮ?"

"ಚೆನ್ನಾಗಿದಾರೆ. ತಂಗಿ ಜೊತೆಗಿದಾಳೆ." ಆಮೇಲೆ ದನಿ ತಗ್ಗಿಸಿ, "ಅವರಿಗೆ ಹಾಕಿರೋ ಪಂಪು ನಮ್ಮದು ಕಣೋ" ಎಂದರು.

"ಒಳ್ಳೇದೇ ಆಯ್ತಲ್ಲ. ನಮ್ಮ ಕೈ ಅಡುಗೆ ನಮ್ಮವರಿಗೇ ಬಡಿಸಿದ ಹಾಗೆ."

ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. "ಹೋಟೆಲಿನವನು ತನ್ನ ಮನೆಯವರಿಗೆ ತನ್ನ ಹೋಟೆಲಲ್ಲೇ ಊಟ ಹಾಕಿಸ್ತಾನೇನೋ?" ಎಂದು ಕೇಳಿ ಕಂಪ್ಯೂಟರ್ ಕಡೆ ತಿರುಗಿದರು.

ಆ ದಿನ ಅವರು ಮಾಡಿದ್ದನ್ನು ನಮ್ಮ ಪೈಕಿ ಬೇರೆ ಯಾರೂ ಮಾಡುತ್ತಿರಲಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಬಾಯಿ ಮುಚ್ಚಿಸುವ ಸಾಲುಗಳನ್ನೆಲ್ಲ, ಹತ್ತು ವರ್ಷದಿಂದ ನಾವು ಹಾಕುತ್ತ ಬಂದದ್ದನ್ನು, ಒಂದೂ ಬಿಡದೆ ಕಿತ್ತು ಹಾಕಿ ಕಂಪೈಲರನ್ನು ಓಡಿಸಿದರು. ಮುನ್ನೂರ ಹನ್ನೆರಡು ಎಚ್ಚರಿಕೆಗಳು ಪರದೆಯ ತುಂಬ ಸುರಿದವು. ಒಂದನೆಯದರಿಂದ ಓದತೊಡಗಿದರು. ಒಂದೊಂದಕ್ಕೂ ಬೆರಳಿಟ್ಟು, ತುಟಿ ಅಲುಗಿಸುತ್ತ. ನಾನು ಎರಡು ಸಲ ಟೀ ತಂದಿಟ್ಟೆ, ಎರಡೂ ಆರಿ ಹೋದವು. ಹನ್ನೆರಡು ಗಂಟೆಗೆ ತೊಂಬತ್ತು ದಾಟಿದ್ದರು. ಎಲ್ಲ ಸುಳ್ಳೇ. ಪ್ರತಿಯೊಂದು ಸುಳ್ಳಿಗೂ ಸಣ್ಣಗೆ ಉಸಿರು ಬಿಡುತ್ತಿದ್ದರು.

"ಅಕ್ಕ, ಸಾಕು ಮಾಡಿ. ಆಸ್ಪತ್ರೆಗೆ ಹೋಗಿ ಅಮ್ಮನ ಪಕ್ಕ ಕೂತ್ಕೊಳ್ಳಿ. ಇದೆಲ್ಲ ನಾವು ನೋಡಿದ್ದೇ ಅಲ್ವಾ?"

"ಅಲ್ಲಿ ಕೂತರೆ ಪಂಪಿನ ಮೇಲೇ ಕಣ್ಣು ಹೋಗುತ್ತೆ ಕಣೋ. ಅದರ ಒಳಗೆ ಏನಿದೆ ಅಂತ ಗೊತ್ತಿರೋಳು ನಾನು. ಅದು ಒಂದೊಂದು ಸಲ ಟಿಕ್ ಅಂದಾಗ್ಲೂ ನನ್ನ ಜೀವ ಬಾಯಿಗೆ ಬರುತ್ತೆ. ಇವತ್ತು ಮಧ್ಯಾಹ್ನದಿಂದ ನೋವಿನ ಔಷಧಿ ಕಡಿಮೆ ಮಾಡ್ತಾರಂತೆ, ಅಷ್ಟರೊಳಗೆ ಓದಿ ಮುಗಿಸಬೇಕು."

ಎರಡು ಗಂಟೆಯ ಸುಮಾರಿಗೆ ಅವರ ಬೆರಳು ನಿಂತಿತು. ನೂರ ಎಂಬತ್ತೇಳನೆಯದು. ಪಕ್ಕದಲ್ಲೇ ಇದ್ದ ನನಗೆ ಆ ನಿಲ್ಲುವಿಕೆ ಕೇಳಿಸಿತು ಎಂದರೆ ನೀವು ನಂಬಲಿಕ್ಕಿಲ್ಲ. ಉಸಿರು ಬಿಡುವ ಸದ್ದು ಬರಲಿಲ್ಲ.

"ಇಲ್ಲಿ ಬಾ" ಎಂದರು.

ಅವರ ಪರದೆಯ ಮೇಲೆ ನಾಲ್ಕು ವರ್ಷದ ಹಿಂದೆ ಅವರೇ ಬರೆದ ಟಿಪ್ಪಣಿ ಇತ್ತು. 'ಇದು ಸುಳ್ಳು ಎಚ್ಚರಿಕೆ. ಔಷಧ ಬಿಡುವ ಬಗೆ ಎರಡೇ ಇರುವವರೆಗೆ ಮಾತ್ರ ಸುಳ್ಳು. ಮೂರನೆಯದನ್ನು ಯಾರಾದರೂ ಸೇರಿಸಿದರೆ ದಯವಿಟ್ಟು ಈ ಸಾಲನ್ನು ಕಿತ್ತು ಮತ್ತೆ ನೋಡಿ. ನನಗೆ ಇದರ ಬಗ್ಗೆ ಹೆದರಿಕೆಯಿದೆ. ಪು.'

ಅದರ ಕೆಳಗೆ ಮೂರನೆಯ ಬಗೆ ಇತ್ತು. ಔಷಧವನ್ನು ಗಂಟೆಗಂಟೆಗೆ ಸ್ವಲ್ಪಸ್ವಲ್ಪವೇ ತಗ್ಗಿಸುವ ಬಗೆ, ಇಳಿಕೆ ಎಂದು ಅದರ ಹೆಸರು. ಹದಿನಾಲ್ಕು ತಿಂಗಳ ಹಿಂದೆ ಸೇರಿಸಿದ್ದು. ಸೇರಿಸಿದವನು ನಾನು.

ಎಷ್ಟರಷ್ಟು ಇಳಿಸಬೇಕು ಎಂದು ನರ್ಸ್ ಒತ್ತಿದರೆ ಎಲ್ಲ ಸರಿ. ಒತ್ತದೆ ಹಾಗೇ ಮುಂದೆ ಹೋದರೆ, ಆ ಡಬ್ಬಿಗೆ ಯಾರೂ ಏನೂ ಹಾಕಿರುವುದಿಲ್ಲ. ನಾವು ಪರೀಕ್ಷೆ ಮಾಡುವಾಗ ಪ್ರತಿ ಸಲವೂ ಅಂಕಿ ತುಂಬಿಯೇ ನೋಡಿದ್ದೆವು. ಕಂಪೈಲರ್ ಒಂದೇ ಒಂದು ಮಾತು ಹೇಳಬೇಕಿತ್ತು, ಅದರ ಬಾಯಿ ಮುಚ್ಚಿಸಿ ಆಗಿತ್ತು. ಬಾಯಿ ಮುಚ್ಚಿಸಿದ ಸಾಲಿನ ಪಕ್ಕದಲ್ಲೇ ಕೈಮುಗಿದು ಬರೆದಿಟ್ಟ ಟಿಪ್ಪಣಿಯನ್ನು ನಾನು ಮಡಚಿಟ್ಟಿದ್ದೆ.

"ಹಿಂದೆ ಬಳಸಿದವರು ಡಬ್ಬಿಯಲ್ಲಿ ಬಿಟ್ಟದ್ದು ಸೊನ್ನೆಗಿಂತ ಕಡಿಮೆ ಇದ್ರೆ?" ಅಕ್ಕ ಕೇಳಿದರು. ಅವರಿಗೇ ಉತ್ತರ ಗೊತ್ತಿತ್ತು. ಕಳೆಯಬೇಕಾದದ್ದನ್ನು ಪಂಪು ಕೂಡಿಸುತ್ತದೆ. ಇಳಿಯಬೇಕಾದ ಔಷಧ ಏರುತ್ತದೆ. ಮೇಲಿನ ಮಿತಿಯನ್ನು ಶುರುವಿನಲ್ಲಿ ಒಮ್ಮೆ ಮಾತ್ರ ನೋಡುವ ಹಾಗೆ ಬರೆದವನೂ ನಾನೇ. ನೋವಿನ ಔಷಧ ಹೆಚ್ಚಾದರೆ ಮನುಷ್ಯ ಕೂಗುವುದಿಲ್ಲ, ಒದ್ದಾಡುವುದಿಲ್ಲ. ನಿದ್ದೆ ಹೋಗುತ್ತಾನೆ, ಉಸಿರಾಡುವುದನ್ನು ಮರೆಯುತ್ತಾನೆ.

ಅಕ್ಕ ತಂಗಿಗೆ ಫೋನ್ ಮಾಡಿದರು, ಆಫಾಗಿತ್ತು. ವಾರ್ಡಿನೊಳಗೆ ಫೋನು ಆಫ್ ಮಾಡಿಸುತ್ತಾರೆ. ಆಸ್ಪತ್ರೆಯ ನಂಬರಿಗೆ ಮಾಡಿದರು. ಒಂದು ಒತ್ತಿ, ಎರಡು ಒತ್ತಿ, ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ. ಕಿವಿಗೆ ಫೋನು ಹಿಡಿದುಕೊಂಡೇ ಮೆಟ್ಟಿಲಿಳಿದರು. ನಾನು ಮೇಲಿನವರ ಕೋಣೆಗೆ ತಲೆ ತೂರಿಸಿ, "ಇಳಿಕೆ ಬಗೆ ತಪ್ಪಾಗಿದೆ, ಎಲ್ಲ ಆಸ್ಪತ್ರೆಗೂ ಈಗ್ಲೇ ಹೇಳಿ, ಯಾರೂ ಮುಟ್ಟಬಾರದು" ಎಂದು ಕೂಗಿ ಅಕ್ಕನ ಹಿಂದೆ ಓಡಿದೆ. ಮೇಲಿನವರು ಏನು ಕೇಳಿದರೋ ನನಗೆ ಕೇಳಿಸಲಿಲ್ಲ.

ನನ್ನ ಸ್ಕೂಟರಿನ ಹಿಂದೆ ಅಕ್ಕ ಕೂತರು. ಹದಿನೈದು ವರ್ಷದಲ್ಲಿ ಒಮ್ಮೆಯೂ ಕೂತವರಲ್ಲ, ಎರಡು ಚಕ್ರದ ಗಾಡಿ ಎಂದರೆ ದೂರ ನಿಲ್ಲುತ್ತಿದ್ದವರು. ಸಿಗ್ನಲ್ಲಿನಲ್ಲಿ ನಿಂತಾಗ ನನ್ನ ಭುಜ ತಟ್ಟಿದರು. "ಜೋರಾಗಿ ಹೋಗೋ" ಎಂದರು. ಆ ಮಾತನ್ನು ಆ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮುಂದಿದ್ದ ಲಾರಿಯನ್ನು ಎಡದಿಂದ ದಾಟಿದೆ. ಬೈದವರ ಮುಖ ಕೂಡ ನೋಡಲಿಲ್ಲ. ತಲೆಯೊಳಗೆ ಒಂದೇ ಲೆಕ್ಕ ಓಡುತ್ತಿತ್ತು: ಹದಿನಾಲ್ಕು ತಿಂಗಳು, ಎಷ್ಟು ಆಸ್ಪತ್ರೆ, ಎಷ್ಟು ಹಾಸಿಗೆ.

ನಾಲ್ಕನೇ ಮಹಡಿ. ಲಿಫ್ಟಿನ ಮುಂದೆ ಗುಂಪು. ಅಕ್ಕ ಮೆಟ್ಟಿಲು ಹತ್ತಿದರು, ನಾನು ಏದುಸಿರು ಬಿಡುತ್ತ ಹಿಂದೆ. ಉದ್ದನೆಯ ಕಾರಿಡಾರು, ಫಿನಾಯಿಲ್ ವಾಸನೆ, ಕೊನೆಯಿಂದ ಎರಡನೇ ಬಾಗಿಲು. ತಂಗಿ ಕುರ್ಚಿಯಲ್ಲಿ ಕೂತು ಹಣ್ಣು ಹೆಚ್ಚುತ್ತಿದ್ದಳು. ಹಾಸಿಗೆಯ ಮೇಲೆ ತಾಯಿ ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿದ್ದರು.

"ಮತ್ತೆ ನಿದ್ದೆ ಹತ್ತಿದೆ ಅಕ್ಕ" ಎಂದಳು ತಂಗಿ. "ಬೆಳಿಗ್ಗೆಯಿಂದ ಚೆನ್ನಾಗಿ ನಿದ್ದೆ ಮಾಡ್ತಿದಾರೆ. ಡಾಕ್ಟ್ರು ಬೇಗ ಬಂದ್ರು, ಹನ್ನೊಂದು ಗಂಟೆಗೇ ಔಷಧಿ ಇಳಿಸೋಕೆ ಹೇಳಿ ಹೋದ್ರು."

ಹನ್ನೊಂದು ಗಂಟೆ. ಈಗ ಎರಡೂ ಮುಕ್ಕಾಲು. ಪಂಪಿನ ಸಣ್ಣ ಪರದೆಯ ಮೇಲೆ ನಾನು ಬರೆದ ಅಕ್ಷರಗಳು ಹಸಿರಾಗಿ ಹೊಳೆಯುತ್ತಿದ್ದವು: ಇಳಿಕೆ. ಎಷ್ಟರಷ್ಟು ಎಂಬ ಜಾಗದಲ್ಲಿ ಎರಡು ಅಡ್ಡಗೆರೆ. ಯಾರೂ ಏನೂ ಒತ್ತಿರಲಿಲ್ಲ.

ಅಕ್ಕ ತಾಯಿಯ ಎದೆಯ ಮೇಲೆ ಕೈಯಿಟ್ಟು ನಿಂತರು. ಎದೆ ಏರಿತು, ಇಳಿಯಿತು. ಆಮೇಲೆ ಬಹಳ ಹೊತ್ತು ಏರಲಿಲ್ಲ. ಆ ಬಹಳ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ, ಇವತ್ತಿಗೂ ಅದು ನನ್ನೊಳಗೆ ಮುಗಿದಿಲ್ಲ. ಮತ್ತೆ ಏರಿತು.

"ಸಿಸ್ಟರ್!" ಅಕ್ಕ ಕೂಗಿದ ರಭಸಕ್ಕೆ ತಂಗಿಯ ಕೈಯಿಂದ ಚಾಕು ಬಿತ್ತು.

ನರ್ಸ್ ಬಂದರು. ನಮಗಿಂತ ಚಿಕ್ಕವರು, ಕಣ್ಣ ಕೆಳಗೆ ದಣಿವಿನ ಕಪ್ಪು. "ಯಾಕಮ್ಮಾ, ಏನಾಯ್ತು?"

"ಇದನ್ನ ನಿಲ್ಸಿ. ಈಗ್ಲೇ ನಿಲ್ಸಿ."

"ಡಾಕ್ಟ್ರು ಹೇಳದೆ ನಿಲ್ಸೋಕಾಗಲ್ಲ. ಪಂಪು ಸರಿಯಾಗೇ ಇದೆ, ಕೂಗಿಲ್ವಲ್ಲ."

"ಅದು ಕೂಗಲ್ಲ ಸಿಸ್ಟರ್. ಕೂಗದ ಹಾಗೆ ಮಾಡಿಬಿಟ್ಟಿದೀವಿ. ಇದನ್ನ ಬರೆದವರು ನಾವು."

"ಬರೆದವರಾ? ಪಂಪನ್ನ ಬರೀತಾರಾ?"

ಬೇರೆ ದಿನವಾಗಿದ್ದರೆ ಈ ಮಾತಿಗೆ ಹೊಟ್ಟೆ ಹಿಡಿದು ನಗುತ್ತಿದ್ದೆ. ಅಕ್ಕ ನನ್ನ ಕಡೆ ಬೆರಳು ತೋರಿಸಲಿಲ್ಲ. 'ನಾವು' ಎಂದರು. ನರ್ಸಿನ ಎರಡೂ ಕೈ ಹಿಡಿದುಕೊಂಡು, "ತಪ್ಪಾಗಿದ್ರೆ ನನ್ನ ಮೇಲೆ ಹಾಕಿ, ಬರೆದು ಕೊಡ್ತೀನಿ. ಒಂದು ಸಲ ಉಸಿರು ಎಣಿಸಿ ನೋಡಿ, ಅಷ್ಟು ಮಾಡಿ ಸಾಕು" ಎಂದರು.

ನರ್ಸ್ ಕೈಗಡಿಯಾರ ನೋಡುತ್ತ ಎಣಿಸಿದರು. ಒಂದು ನಿಮಿಷಕ್ಕೆ ಒಂಬತ್ತು, ಹನ್ನೆರಡಾದರೂ ಇರಬೇಕಿತ್ತು. ಅವರ ಮುಖ ಬದಲಾಯಿತು. ಮರುಮಾತಿಲ್ಲದೆ ಕೊಳವೆಯ ಕ್ಲಿಪ್ ಒತ್ತಿ, ಪಂಪು ನಿಲ್ಲಿಸಿ, ಡಾಕ್ಟರಿಗೆ ಹೇಳಿ ಕಳುಹಿಸಿದರು. ಆಮೇಲೆ ಪಂಪಿನಲ್ಲಿ ಗಂಟೆಗಂಟೆಯ ಲೆಕ್ಕದ ಪಟ್ಟಿ ತೆಗೆದು ನೋಡಿ, "ಇದೇನಿದು, ಹನ್ನೊಂದರಿಂದ ಒಂದು ಚೂರೂ ಇಳಿದೇ ಇಲ್ಲ. ನಾನು ನಿಧಾನಕ್ಕೆ ಇಳಿಯುತ್ತೇನೋ ಅಂದ್ಕೊಂಡೆ" ಎಂದರು.

ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಇಳಿಯಬೇಕಾದ ಔಷಧ ಮೂರೂ ಮುಕ್ಕಾಲು ಗಂಟೆ ಹಾಗೇ ಹೋಗಿ ಆ ವಯಸ್ಸಿನ ಮೈಗೆ ಹೆಚ್ಚಾಗಿತ್ತು. ಡಬ್ಬಿಯಲ್ಲಿ ಹಿಂದಿನವರು ಬಿಟ್ಟುಹೋದದ್ದು ಸೊನ್ನೆ. ಸಾವಿರವಾಗಿದ್ದರೆ, ಸೊನ್ನೆಗಿಂತ ಕಡಿಮೆಯಾಗಿದ್ದರೆ ಎಂಬ ಲೆಕ್ಕವನ್ನು ನಾನು ಮುಂದುವರಿಸಲಿಲ್ಲ.

ಡಾಕ್ಟರು ಬಂದು ಔಷಧದ ಅಮಲು ಇಳಿಸುವ ಒಂದು ಸೂಜಿ ಕೊಟ್ಟರು. ಅಕ್ಕ ತಾಯಿಯ ಕೆನ್ನೆ ತಟ್ಟುತ್ತಲೇ ಇದ್ದರು. "ಅಮ್ಮಾ, ಕಣ್ಣು ಬಿಡಮ್ಮಾ. ಅಮ್ಮಾ." ಹತ್ತು ನಿಮಿಷವೋ ಏನೋ. ಆಮೇಲೆ ತಾಯಿ ಹುಬ್ಬು ಗಂಟಿಕ್ಕಿ, ನಿದ್ದೆ ಕೆಡಿಸಿದವರ ಮೇಲೆ ಸಿಟ್ಟಾದವರ ಹಾಗೆ ಒಂದು ಕಣ್ಣು ತೆರೆದರು. ಎದುರಿಗೆ ಮಗಳು ಕಂಡಳು. ನಾಲಿಗೆ ತೊದಲುತ್ತಿತ್ತು, ಆದರೂ ಮಾತು ಸ್ಪಷ್ಟವಾಗಿತ್ತು.

"ಬೀಗ ನೋಡಿದ್ಯೇನೇ?"

ಅಕ್ಕ ಅಲ್ಲೇ ನೆಲದ ಮೇಲೆ ಕೂತು ಅತ್ತರು. "ಇಲ್ಲಮ್ಮ, ಇವತ್ತು ನೋಡ್ಲಿಲ್ಲ" ಎನ್ನುತ್ತ ಅತ್ತರು. ನಾನು ಕಾರಿಡಾರಿಗೆ ಬಂದುಬಿಟ್ಟೆ. ಅಲ್ಲಿ ಬೆಂಚಿನ ಮೇಲೆ ಕೂತೆ. ಎದುರು ಬಾಗಿಲು, ಅದರ ಪಕ್ಕದ ಬಾಗಿಲು, ಎಲ್ಲದರ ಹಿಂದೆಯೂ ಟಿಕ್ ಟಿಕ್ ಕೇಳಿಸುತ್ತಿತ್ತು.

ಅಷ್ಟರಲ್ಲಿ ಮೇಲಿನವರು ಎಲ್ಲ ಆಸ್ಪತ್ರೆಗಳಿಗೂ ತಿಳಿಸಿದ್ದರು, ಸಂಜೆಯೊಳಗೆ ಆ ಬಗೆಯನ್ನು ಎಲ್ಲೆಡೆ ಮುಚ್ಚಿಸಿದರು. ಬೇರೆ ಯಾರಿಗೂ ಏನೂ ಆಗಿಲ್ಲ ಎಂದು ವಾರದ ಮೇಲೆ ಸುದ್ದಿ ಬಂತು. ಆ ವಾರ ನಾನು ಹೇಗೆ ಕಳೆದೆ ಎಂದು ಬರೆಯುವುದಿಲ್ಲ. ಸುಳ್ಳು ಎಂದು ಗುರುತು ಹಾಕಿದ್ದು ಯಾರು ಎಂದು ಮೇಲಿನವರು ಕೇಳಿದಾಗ ಅಕ್ಕ "ನಾನು" ಎಂದರು. ನಾನು ಎದ್ದು ನಿಂತು, ಹಾಕಿದಾಗ ಅದು ಸುಳ್ಳೇ ಆಗಿತ್ತು, ನಿಜ ಮಾಡಿದವನು ನಾನು ಎಂದೆ.

ಮಾರನೆಯ ದಿನದಿಂದಲೇ ಮುನ್ನೂರ ಹನ್ನೆರಡರಲ್ಲಿ ನಾನು ಬರೆಯದ್ದನ್ನೆಲ್ಲ ಮತ್ತೆ ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮಡಚಿಟ್ಟದ್ದನ್ನೆಲ್ಲ ಬಿಚ್ಚಿದೆ. ಅಕ್ಕನ ಟಿಪ್ಪಣಿಗಳು ಪುಟಪುಟ ತೆರೆದುಕೊಂಡವು. ಮೊದಲನೆಯ ಎಚ್ಚರಿಕೆ ಸುಳ್ಳು ಎಂದು ಮಕ್ಕಳಿಗೂ ಗೊತ್ತಾಗುವಂಥದ್ದು. ಆದರೂ ಗುರುತು ಹಾಕಲು ಕೈ ಏಳಲಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದೆ.

ಅಮ್ಮನನ್ನು ನೋಡಿಕೊಂಡು ಆಫೀಸಿಗೆ ಬಂದ ಅಕ್ಕ ತಮ್ಮ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. "ಏನೋ ಶೂರ, ಹೆದರಿಕೆ ಆಗ್ತಿದ್ಯಾ?"

"ಆಗ್ತಿದೆ ಅಕ್ಕ."

"ಸರಿ, ಓದು. ಜೋರಾಗಿ ಓದು, ನಾನೂ ಕೇಳ್ತೀನಿ."

ಓದಿದೆ. ಕಾರಣವನ್ನು ಹನ್ನೊಂದು ಸಾಲು ಬರೆದೆ. ಕೆಳಗೆ ಗುರುತು ಹಾಕುವಾಗ ಏನನ್ನಿಸಿತೋ, 'ಪು' ಎಂದು ಒತ್ತಿದೆ.

ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದರು. ಆಮೇಲೆ ಕೈಚಾಚಿ ಅದನ್ನು ಅಳಿಸಿದರು.

"ಅದು ನಂದು ಕಣೋ. ನಿನಗೆ ಹೆದರಿಕೆ ಶುರುವಾಗಿ ಇನ್ನೂ ಒಂದೇ ದಿನ ಆಗಿದೆ."